ಮಣಿಕಟ್ಟಿಗೆ ಹಚ್ಚಿದ ಜೇನು

ಮೊನ್ನೆ ಮಸ್ಕಿಯಿಂದ ಬಂದ ನೆಂಟರೊಬ್ಬರು ಒಂದು ಬಾಟಲಿ ಹೆಜ್ಜೇನು ತಂದುಕೊಟ್ಟರು. ಅಂಗಡಿಯಲ್ಲಿ ಸಿಗುವ ತಿಳಿ ಜೇನಲ್ಲ, ಅಲ್ಲಿಯ ಗುಡ್ಡದ ಬಂಡೆಗೆ ಕಟ್ಟಿದ ಹುಟ್ಟನ್ನು ಹೊಗೆ ಹಾಕಿ ಇಳಿಸಿ ಹಿಂಡಿದ್ದು. ಮುಚ್ಚಳ ತೆಗೆದ ಕೂಡಲೇ ಮೊದಲು ಹೊಗೆಯ ವಾಸನೆ, ಅದರ ಬೆನ್ನಿಗೇ ಮೇಣದ ವಾಸನೆ ಅಡುಗೆಮನೆಯ ತುಂಬ ಹರಡಿತು. ಸೊಸೆ, ಮೊಮ್ಮಗಳು ಬೆರಳದ್ದಿ ಚಪ್ಪರಿಸಿದರು. ನಾನು ಎದ್ದು ಪಡಸಾಲೆಗೆ ಬಂದು ಕುಳಿತೆ. ಆ ವಾಸನೆ ಬಂದರೆ ನನಗೆ ಇವತ್ತಿಗೂ ಬಲಗೈಯ ಮಣಿಕಟ್ಟು ತಣ್ಣಗಾಗುತ್ತದೆ.

ಮೊಮ್ಮಗಳು ಹಿಂದೆಯೇ ಬಂದಳು. "ಯಾಕಜ್ಜಿ, ನಿನಗೇನ್ ಸಕ್ಕರಿ ಬ್ಯಾನಿ ಇಲ್ಲಲ್ಲ. ಒಂದೀಟು ನೆಕ್ಕಿ ನೋಡು."

"ನನಗ ಅದು ತಿನ್ನೋ ಜೇನಲ್ಲಬೇ, ಹಚ್ಚೋ ಜೇನು" ಎಂದೆ.

ಅವಳು ನಕ್ಕು, ಎಲ್ಲಿಗೆ ಹಚ್ಚುವುದು ಎಂದು ಕೇಳಿದಳು. ಒಂದು ಮಾತಿನಲ್ಲಿ ಮುಗಿಯುವ ಸಂಗತಿಯಲ್ಲ ಅದು. ಲಿಂಗಸುಗೂರಿನ ನಮ್ಮ ಮಾಳಿಗೆ ಮನೆ, ೧೯೫೩ರ ಬೇಸಿಗೆ, ನಮ್ಮಜ್ಜಿ, ಬಳೆಗಾರ್ತಿ ಕಾಶಿಂಬಿ, ಎಲ್ಲರನ್ನೂ ಕರೆದು ಕೂರಿಸಿಕೊಂಡೇ ಹೇಳಬೇಕು.

ನಮ್ಮಜ್ಜಿ, ಅಂದರೆ ಅಪ್ಪನ ತಾಯಿ ಶರಣಮ್ಮ, ಮಸ್ಕಿಯ ಮಗಳು. ಮನೆಯಲ್ಲಿ ಮಕ್ಕಳೆಲ್ಲ ಅವಳನ್ನು ಅಮ್ಮಾ ಎಂದೇ ಕರೆಯುತ್ತಿದ್ದೆವು, ಹೆತ್ತವಳು ಅವ್ವ. ಲಿಂಗಸುಗೂರಿಗೆ ಸೊಸೆಯಾಗಿ ಬಂದು ತಲೆ ನರೆತರೂ ಅಜ್ಜಿಯ ತವರು ಅವಳನ್ನು ಬಿಟ್ಟಿರಲಿಲ್ಲ. ಪ್ರತಿ ಬೇಸಿಗೆ ಅವಳ ತಮ್ಮ ಗುಡ್ಡದ ಜೇನನ್ನು ಒಂದು ಚೀನಿ ಬರಣಿಯಲ್ಲಿ ತುಂಬಿ ಕಳಿಸುತ್ತಿದ್ದ. ದೇವರ ಅಭಿಷೇಕಕ್ಕೆಂದು ಪುಟ್ಟ ಗಿಂಡಿಯೊಂದರಲ್ಲಿ ತೆಗೆದಿಟ್ಟು, ಉಳಿದದ್ದನ್ನೆಲ್ಲ ಅಜ್ಜಿ ಗಾಯಕ್ಕೆಂದೇ ಇಡುತ್ತಿದ್ದಳು. ನಾವು ಮೊಮ್ಮಕ್ಕಳು ಎಷ್ಟು ಕಾಡಿದರೂ ಬೆರಳಿಗಂಟುವಷ್ಟೂ ಕೊಡುತ್ತಿರಲಿಲ್ಲ. "ಬಾಯಿಗೆ ಬೆಲ್ಲ ಐತಿ. ಇದು ಚರ್ಮಕ್ಕ" ಎನ್ನುತ್ತಿದ್ದಳು. ಇರುವೆ ಹತ್ತದಂತೆ ಬರಣಿಯನ್ನು ನೀರು ತುಂಬಿದ ಬೋಗುಣಿಯ ನಡುವೆ ಇಟ್ಟಿದ್ದಳು. ಬೋಗುಣಿಯ ನೀರು ಆರಿದ್ದರೆ ಅಂದು ಅವ್ವನಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಓಣಿಯಲ್ಲಿ ಯಾರಿಗೆ ಕುಡುಗೋಲು ತಾಗಲಿ, ಯಾರ ಕೂಸು ಮೊಣಕಾಲು ತರಚಿಕೊಳ್ಳಲಿ, ಯಾರ ಬೆರಳಿಗೆ ಒಲೆಯ ಬಿಸಿ ತಟ್ಟಲಿ, ನೇರ ನಮ್ಮ ಪಡಸಾಲೆಗೆ ಬರುತ್ತಿದ್ದರು. ಆಳದ ಗಾಯವಾದರೆ ಅಜ್ಜಿ ಮುಟ್ಟುತ್ತಲೇ ಇರಲಿಲ್ಲ, "ದವಾಖಾನಿಗೆ ನಡೀರಿ, ಇಲ್ಯಾಕ ಬಂದೀರಿ" ಎಂದು ಅಟ್ಟುತ್ತಿದ್ದಳು. ಸಣ್ಣದಾದರೆ ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆದು, ಅಜ್ಜನ ಹಳೆಯ ಧೋತರದ ಮೆತ್ತನೆಯ ತುಂಡಿಗೆ ಜೇನು ಸವರಿ, ಗಾಯದ ಮೇಲೆ ಇಟ್ಟು ಸಡಿಲವಾಗಿ ಕಟ್ಟುತ್ತಿದ್ದಳು. ಮಂತ್ರವಿಲ್ಲ, ತಂತ್ರವಿಲ್ಲ. ಕಟ್ಟುತ್ತ ಒಂದು ಮಾತು ಮಾತ್ರ ತಪ್ಪದೆ ಹೇಳುತ್ತಿದ್ದಳು: "ನನ್ನ ಜೇನು ಹಚ್ಚಿದ್ದು ಕಲಿ ಉಳಿಯಂಗಿಲ್ಲ." ಕಲೆಯಿಲ್ಲದೆ ಮಾಯ್ದ ನಮ್ಮ ಓಣಿಯ ಅರ್ಧ ಜನರ ಮೈ ಅದಕ್ಕೆ ಸಾಕ್ಷಿಯಾಗಿತ್ತು, ಅವಳೂ ಆಗಾಗ ಅವರನ್ನು ನಿಲ್ಲಿಸಿ ತೋರಿಸಲು ಹೇಳುತ್ತಿದ್ದಳು. ಹೆಮ್ಮೆ ಇತ್ತು ಮುದುಕಿಗೆ.

ಆ ವರ್ಷ ನನಗೆ ಹದಿನಾಲ್ಕು ತುಂಬಿತ್ತು. ಆರನೆಯ ತರಗತಿ ಪಾಸಾಗಿದ್ದೆ. ನಮ್ಮ ಕಡೆ ತರಗತಿಗೆ ಆಗಿನ್ನೂ ಜಮಾತು ಎನ್ನುತ್ತಿದ್ದರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಅಕ್ಷರ ತಿದ್ದಿ, ಆಮೇಲೆ ಕನ್ನಡಕ್ಕೆ ಹೊರಳಿದವರು ನಾವು. ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದಿದ್ದ ಟೀಚರಬಾಯಿ, ಏಳನೆಯದು ಪಾಸಾದ ಹುಡುಗಿಯರನ್ನು ತರಬೇತಿಗೆ ಕಳಿಸಿ ಶಾಲೆಗಳಲ್ಲಿ ಕೆಲಸ ಕೊಡುತ್ತಾರೆ, ಊರೂರಿಗೆ ಕನ್ನಡ ಶಾಲೆ ಆಗುತ್ತಿವೆ, ಕಲಿಸುವವರೇ ಇಲ್ಲ ಎಂದು ಹೇಳಿದ್ದರು. ಹೇಳುವಾಗ ಅವರು ನನ್ನ ಕಡೆ ನೋಡಿದರು. ನೋಡಿದರೋ ಇಲ್ಲವೋ, ನೋಡಿದರೆಂದು ನಾನು ನಂಬಿದೆ. ಕಪ್ಪು ಹಲಗೆಯ ಮುಂದೆ ಬಳಪ ಹಿಡಿದು ನಿಂತವಳು ನಾನೇ ಎಂದು ಹಿತ್ತಲಿನ ಗೋಡೆಯ ಮುಂದೆ ನಿಂತು ಎಷ್ಟು ಸಲ ನಟಿಸಿದ್ದೆನೋ. ನನಗೆ ಬೇಕಾಗಿದ್ದದ್ದು ಇನ್ನೊಂದೇ ವರ್ಷ.

ಅಪ್ಪನಿಗೆ ಬೇಕಾಗಿದ್ದದ್ದು ನನ್ನ ಮದುವೆ. ಅಪ್ಪ ಕಾಳಿನ ಅಂಗಡಿ ಇಟ್ಟಿದ್ದ ಮೆತ್ತನೆಯ ಮನುಷ್ಯ, ಮಕ್ಕಳ ಮೇಲೆ ಕೈ ಎತ್ತಿದವನಲ್ಲ. ಆದರೆ ರಜಾಕಾರರ ಗದ್ದಲದ ವರ್ಷವನ್ನು ಕಣ್ಣಾರೆ ಕಂಡ ನಮ್ಮೂರ ಗಂಡಸರಿಗೆಲ್ಲ ಒಂದು ಹೆದರಿಕೆ ಒಳಗೇ ಉಳಿದುಬಿಟ್ಟಿತ್ತು. ಬೆಳೆದ ಮಗಳನ್ನು ಮನೆಯಲ್ಲಿಟ್ಟುಕೊಂಡು ನಿದ್ದೆ ಮಾಡುವುದು ಅವರಿಂದಾಗುತ್ತಿರಲಿಲ್ಲ. ಸಿಂಧನೂರಿನಲ್ಲಿ ಬಟ್ಟೆ ಅಂಗಡಿಯವರ ಮನೆ, ಹುಡುಗ ಒಬ್ಬನೇ ಮಗ, ಒಳ್ಳೆಯ ಜನ. ವೀಳ್ಯ ಬದಲಾಯಿಸಿ, ಕಾರಹುಣ್ಣಿಮೆಗೆ ಮುಂಚೆ ಮದುವೆ ಎಂದು ಗೊತ್ತುಮಾಡಿ ಬಂದ ಮೇಲೆ ಅಪ್ಪ ನನಗೆ ಹೇಳಿದ. ಕೇಳಿದ ಎಂದು ಬರೆಯಲು ಬರುವುದಿಲ್ಲ, ಹೇಳಿದ.

ಅವ್ವ ಆ ದಿನದಿಂದ ನನ್ನನ್ನು ಒಲೆಯ ಮುಂದೆ ಕೂರಿಸಿದಳು. ಸಿಂಧನೂರಿನವರದು ದೊಡ್ಡ ಮನೆ, ದೊಡ್ಡ ಹಂಚು, ರೊಟ್ಟಿ ಅಗಲ ಬರಬೇಕು ಎಂಬುದು ಅವಳ ಚಿಂತೆ. ಒಂದು ಬೆಳಗ್ಗೆ ರೊಟ್ಟಿ ಮುಗಿಸಿ ಹಂಚನ್ನು ಬಟ್ಟೆಯಲ್ಲಿ ಹಿಡಿದು ಇಳಿಸುವಾಗ ಬಟ್ಟೆ ಜಾರಿತು. ಕಾದ ಹಂಚಿನ ಅಂಚು ಬಲಗೈಯ ಮಣಿಕಟ್ಟಿಗೆ ಒರಗಿಕೊಂಡಿತು. ಸರಿಯಾಗಿ ಬಳೆ ಕೂರುವ ಜಾಗದಲ್ಲಿ, ಬಳೆಯಷ್ಟೇ ಬಾಗಿದ ಒಂದು ಸುಟ್ಟ ಗೆರೆ. ನಾನು ಕಿರುಚಿದ್ದಕ್ಕೆ ಅಜ್ಜಿ ಓಡಿ ಬಂದು, ಕೈಯನ್ನು ಹಿಡಿದು ಕೊಡದ ತಣ್ಣೀರನ್ನು ಬಹಳ ಹೊತ್ತು ಸುರಿದಳು. ಆಮೇಲೆ ಬರಣಿ ಬಂತು, ಧೋತರದ ತುಂಡು ಬಂತು.

ಕಟ್ಟು ಕಟ್ಟಿಸಿಕೊಂಡು ಗೋಡೆಗೆ ಒರಗಿ ಬಿಕ್ಕುತ್ತಿರುವಾಗ ಅವ್ವ ತಲೆಯ ಮೇಲೆ ಕೈ ಹೊತ್ತು ಅಜ್ಜಿಗೆ ಹೇಳಿದ ಮಾತು ಕಿವಿಗೆ ಬಿತ್ತು.

"ಅತ್ತೀ, ಇನ್ನ ಬಳಿ ಹೆಂಗ ಏರಸೋದ್ರಿ? ಬಳಿ ಏರಸಲಾರದ ಅರಿಶಿಣ ಹಚ್ಚಾಕ ಬರಂಗಿಲ್ಲ, ಅರಿಶಿಣ ಹಚ್ಚಲಾರದ ಮದಿವಿ ಹೆಂಗ?"

ನಮ್ಮ ಮನೆತನದಲ್ಲಿ ಮದುಮಗಳಿಗೆ ಹಸಿರು ಬಳೆ ಇಡಿಸಿದ ಮೇಲೆಯೇ ಉಳಿದ ಶಾಸ್ತ್ರ. ಎರಡೂ ಕೈಗೆ ಒಂದೇ ಸಲಕ್ಕೆ, ತವರುಮನೆಯ ಬಳೆಗಾರ್ತಿಯ ಕೈಯಿಂದಲೇ ಇಡಿಸಬೇಕು. ಹಸಿರು ಬಳೆಗೆ ಹಸಿ ಗಾಯ ತಾಗಬಾರದು, ರಕ್ತವಂತೂ ತಾಗಲೇಬಾರದು. ಅದು ಗಂಡನ ಮನೆಗೆ ಕೇಡು ಎಂದು ನಂಬಿದ್ದರು. ಸದ್ಯಕ್ಕೆ ಎಡಗೈಗಷ್ಟೇ ಇಡಿಸಿದರಾಯಿತಲ್ಲ ಎಂದು ಅವ್ವ ಅಂದಿದ್ದಕ್ಕೆ ಅಜ್ಜಿ, "ಒಂದು ಕೈ ಬೋಳು ಇಟಗೊಂಡು ಹಸಿಮಣಿ ಏರಿದಾಕಿನ್ನ ಎಲ್ಲೆರ ನೋಡೀಯೇನ?" ಎಂದು ಬಾಯಿ ಮುಚ್ಚಿಸಿದಳು.

ನನ್ನ ಬಿಕ್ಕು ನಿಂತಿತು. ಕಾರಹುಣ್ಣಿಮೆ ದಾಟಿದರೆ ಮುಂದೆ ಆಷಾಢ. ಆಷಾಢದಲ್ಲಿ ಮದುವೆ ಇಲ್ಲ. ಅಷ್ಟರೊಳಗೆ ಶಾಲೆ ತೆರೆದಿರುತ್ತದೆ, ಒಮ್ಮೆ ಏಳನೆಯದಕ್ಕೆ ಹೆಸರು ಹತ್ತಿದರೆ ಅಪ್ಪನನ್ನು ಹೇಗಾದರೂ ಒಲಿಸಬಹುದು. ಗಾಯ ಅಲ್ಲಿಯವರೆಗೆ ಮಾಯದಿದ್ದರೆ ಸಾಕು. ಸುಟ್ಟ ಕೈ ಹಿಡಿದುಕೊಂಡು ಒಳಗೊಳಗೇ ನಕ್ಕವಳು ಆ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಆದರೆ ನಾನಿದ್ದದ್ದು ಶರಣಮ್ಮನ ಮನೆಯಲ್ಲಿ.

ಅಂದಿನಿಂದ ನನ್ನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಬಿಸಿಲಿಗೆ ಹೋದರೆ ಗಾಯ ಉರಿಯುತ್ತದೆ, ಧೂಳು ಬಿದ್ದರೆ ಕೀವಾಗುತ್ತದೆ, ಮದುಮಗಳ ಮೇಲೆ ದೃಷ್ಟಿ ಬೇರೆ. ಹೊರಗೆ ಎರೆ ನೆಲ ಕಾದು ಬಾಯಿ ಬಿಟ್ಟಿತ್ತು. ಮಧ್ಯಾಹ್ನ ಬಾಗಿಲು ಹಾಕಿ, ಕಿಟಕಿಗೆ ಗೋಣಿ ಇಳಿಬಿಟ್ಟು ಎಲ್ಲರೂ ಒಳಗೆ ಮಲಗುತ್ತಿದ್ದೆವು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ತುಂಡೊಂದು ನೆಲಕ್ಕೆ ಬಿದ್ದು, ಬೀಸುವ ಕಲ್ಲಿನಿಂದ ಹೊರಟು ದೇವರ ಕೋಣೆಯ ಬಾಗಿಲವರೆಗೆ ಸರಿಯುತ್ತಿತ್ತು. ನನ್ನ ದಿನ ಅಂದರೆ ಅಷ್ಟೇ, ಆ ತುಂಡು ಆ ಗೋಡೆಯಿಂದ ಈ ಗೋಡೆಗೆ ಬರುವುದನ್ನು ನೋಡುವುದು. ಬೆವರು, ಜೇನು, ಹೊಗೆ ಕೂಡಿದ ಒಂದು ವಾಸನೆ ನನ್ನ ಕೈಯಿಂದಲೇ ಏಳುತ್ತಿತ್ತು. ಕಟ್ಟಿನ ಅಂಚಿಗೆ ಇರುವೆ ಬಂದರೆ ಅಜ್ಜಿ ನಿದ್ದೆಯಲ್ಲೂ ಕಂಡವಳಂತೆ ಎದ್ದು ಕೊಡವುತ್ತಿದ್ದಳು.

ಬಲಗೈ ನನ್ನದಾಗಿ ಉಳಿಯಲಿಲ್ಲ. ಅಜ್ಜಿಯೇ ಅನ್ನ ಕಲಸಿ ತುತ್ತು ಇಡುತ್ತಿದ್ದಳು, ಅವ್ವ ಜಡೆ ಹಾಕುತ್ತಿದ್ದಳು, ಅಪ್ಪ ಅಂಗಡಿಯಿಂದ ಬಂದವನೇ ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದ. ಅಷ್ಟು ಮುದ್ದು ನಾನು ಹುಟ್ಟಿದಾಗಲೂ ಕಂಡಿರಲಿಕ್ಕಿಲ್ಲ. ಎಲ್ಲರೂ ಸೇರಿ ಪ್ರೀತಿಯಿಂದಲೇ ನನ್ನನ್ನು ಸಿಂಧನೂರಿಗೆ ತಯಾರು ಮಾಡುತ್ತಿದ್ದರು. ಸಿಟ್ಟು ಮಾಡಿಕೊಳ್ಳಲು ಆ ಮನೆಯಲ್ಲಿ ಒಬ್ಬರಾದರೂ ಕೆಟ್ಟವರಿರಬೇಕಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಅಜ್ಜಿ ಪಥ್ಯವನ್ನೂ ಹಾಕಿದ್ದಳು. ಗಾಯವಿದ್ದವರು ನಂಜಿನ ಪದಾರ್ಥ ತಿನ್ನಬಾರದು, ತಿಂದರೆ ಗಾಯ ಕೀವು ತುಂಬುತ್ತದೆ ಎಂಬುದು ನಮ್ಮ ಕಡೆ ಹಾಲುಗಲ್ಲದ ಕೂಸಿಗೂ ಗೊತ್ತಿದ್ದ ಮಾತು. ನಂಜಿನಲ್ಲೆಲ್ಲ ನಂಜು ಬದನೆಕಾಯಿ. ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ನನ್ನ ತಟ್ಟೆಗೆ ಬರೀ ಬೇಳೆ ಕಟ್ಟು. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವಲ್ಲಿ ಬದನೆಯ ಗಿಡಗಳಿದ್ದವು, ಆ ಬಿರುಬಿಸಿಲಿನಲ್ಲೂ ಕಾಯಿ ಬಿಟ್ಟಿದ್ದವು. ಹಿತ್ತಲಿಗೆ ಹೋಗಲು ನನಗೆ ಅಡ್ಡಿ ಇರಲಿಲ್ಲ. ಮೊದಲ ದಿನ ಗಿಡದ ಮುಂದೆ ಸುಮ್ಮನೆ ನಿಂತು ಬಂದೆ. ಎರಡನೆಯ ದಿನ ಒಂದು ಎಳೆಗಾಯಿ ಕಿತ್ತು, ಎಡಗೈಯಲ್ಲಿ ಹಿಡಿದು, ಹಸಿಹಸಿಯಾಗಿಯೇ ಕಚಕಚ ತಿಂದೆ. ಒಗರು ಒಗರು, ನಾಲಿಗೆ ತುರಿಸಿತು. ಎಡಗೈಯಲ್ಲಿ ತಿಂದದ್ದು, ಕದ್ದು ತಿಂದದ್ದು, ಹಸಿ ಬದನೆಕಾಯಿ ತಿಂದದ್ದು, ಮೂರು ತಪ್ಪಿನಲ್ಲಿ ಒಂದರಿಂದಾದರೂ ಕೀವಾಗದೇ ಎಂದು ಕಾದೆ.

ಕೀವಾಗಲಿಲ್ಲ. ಮರುದಿನ ಕಟ್ಟು ಬಿಚ್ಚಿದಾಗ ಗೆರೆಯ ಎರಡೂ ತುದಿ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಅಜ್ಜಿ ಮುಖ ಅರಳಿಸಿ, "ನೋಡಿದಿ? ಹೊಸ ಚರ್ಮ ಕೂಡಾಕತ್ತೈತಿ" ಎಂದಳು. ನಾನು ಮತ್ತೆ ಹಿತ್ತಲಿಗೆ ಹೋದೆ. ಒಂದಲ್ಲ, ಎರಡು ತಿಂದೆ. ಹೊಟ್ಟೆ ನೋವು ಬಂತೇ ಹೊರತು ಮಣಿಕಟ್ಟಿಗೆ ಏನೂ ಆಗಲಿಲ್ಲ. ಕದ್ದು ಕಟ್ಟು ಸಡಿಲಿಸಿ ಜೇನನ್ನು ತೊಳೆದೂ ನೋಡಿದೆ. ಅಜ್ಜಿ ಬಟ್ಟೆಯ ಗಂಟು ನೋಡಿ ಇನ್ನೊಂದು ಸಲ ಹಚ್ಚಿ ಕಟ್ಟಿದಳು.

ಬಳೆಗಾರ್ತಿ ಕಾಶಿಂಬಿ ನಮ್ಮ ಓಣಿಯ ಪ್ರತಿ ಹೆಂಗಸಿನ ಕೈಯನ್ನೂ ಬಲ್ಲವಳು. ಬೆರಳ ಬುಡವನ್ನು ಒಮ್ಮೆ ಹಿಚುಕಿದರೆ ಅಳತೆ ಸಿಕ್ಕುಬಿಡುತ್ತಿತ್ತು ಅವಳಿಗೆ. ಭುಜದ ಮೇಲೆ ಬಳೆಯ ಮಲಾರ ಹೊತ್ತು ಅವಳು ನಡೆದರೆ ಗಾಜಿನ ಕಿಣಿಕಿಣಿ ಅವಳಿಗಿಂತ ಮುಂಚೆ ಬರುತ್ತಿತ್ತು. ಆ ಬೇಸಿಗೆ ಆ ಕಿಣಿಕಿಣಿ ಕೇಳಿದರೆ ನಾನು ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಿದ್ದೆ. ಕೈ ಯಾವಾಗ ಬಳೆಗೆ ಬರುತ್ತದೆ ಎಂದು ಹೇಳುವ ಮಾತು ಅವಳದೇ. ಮೊದಲ ಸಲ ಬಂದು ನೋಡಿ, "ಇನ್ನ ಹಸಿ ಐತ್ರಿ ಶರಣಮ್ಮಾರ" ಎಂದು ಹೋಗಿದ್ದಳು. ಎರಡನೆಯ ಸಲ ಬಂದಾಗ ಅಜ್ಜಿ ಪೂಜೆಯಲ್ಲಿದ್ದಳು, ಅವ್ವ ನೀರಿಗೆ ಹೋಗಿದ್ದಳು. ಅವಳು ಮಲಾರ ಇಳಿಸಿ, ಕೈಕಾಲು ತೊಳೆಯಲು ಹಿತ್ತಲಿಗೆ ಬಂದಳು. ನಾನು ಗಿಡದ ಹತ್ತಿರ ಅರ್ಧ ಬದನೆಕಾಯಿ ಬಾಯಲ್ಲಿ, ಅರ್ಧ ಕೈಯಲ್ಲಿ ಹಿಡಿದು ನಿಂತಿದ್ದೆ.

"ಅರೆ, ಯಾ ಅಲ್ಲಾ!" ಎಂದು ಅವಳು ಬಾಯಿಗೆ ಸೆರಗು ಹಚ್ಚಿದಳು. "ಏನ್ ಮಾಡಾಕತ್ತೀ ಬೇಟಿ? ಬಸುರಿ ಹೆಂಗಸ್ರೂ ಹಸಿ ಬದನಿಕಾಯಿ ತಿನ್ನಂಗಿಲ್ಲಲ್ಲ!"

ಬಾಯಲ್ಲಿದ್ದದ್ದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅಲ್ಲೇ ಕುಸಿದು ಅತ್ತೆ. ಅತ್ತುಕೊಂಡೇ ಎಲ್ಲವನ್ನೂ ಹೇಳಿದೆ, ಶಾಲೆ, ಟೀಚರಬಾಯಿ, ಕಾರಹುಣ್ಣಿಮೆ, ನಂಜು. ಕೊನೆಗೆ ಅವಳ ಕೈ ಹಿಡಿದು, "ಇನ್ನ ಹಸಿ ಐತಿ ಅಂತ ಹೇಳು ಕಾಶಿಂಬಿ. ನೀ ಹೇಳಿದ್ರ ಕೇಳ್ತಾರ. ಆಷಾಢ ಹತ್ತೋತನಕ ಹೇಳು, ಸಾಕು" ಎಂದೆ.

ಅವಳು ನನ್ನ ಕಟ್ಟು ಸರಿಸಿ ನೋಡಿದಳು. ಗೆರೆಯ ನಡುವೆ ಒಂದು ಕಡಲೆಕಾಳಿನಷ್ಟು ಜಾಗ ಮಾತ್ರ ಹಸಿ ಉಳಿದಿತ್ತು. "ನಿಮ್ಮಮ್ಮನ ಜೇನು ಬಾಳ ಜೋರೈತಿ ಬೇಟಿ" ಎಂದಳು ಬೇಸರದಿಂದ. ಅವಳು ಸುಳ್ಳು ಹೇಳುತ್ತಾಳೆಂದು ನನಗೆ ಭರವಸೆ ಇರಲಿಲ್ಲ. ಮದುವೆಯ ಮನೆಯ ಬಳೆ ಎಂದರೆ ಅವಳಿಗೆ ಊಟ, ಸೀರೆ, ವರ್ಷದ ಹರ್ಷ. ಆದರೂ ಅಜ್ಜಿ ಪೂಜೆ ಮುಗಿಸಿ ಬಂದಾಗ ಕಾಶಿಂಬಿ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, "ಇದು ಇನ್ನ ಮಾಯ್ದಿಲ್ರಿ ಅಮ್ಮಾರ. ಮ್ಯಾಲ ಒಣಗೈತಿ, ಒಳಗ ಹಸಿ ಐತಿ. ಈಗ ಬಳಿ ಏರಿಸಿದ್ರ ರಕ್ತ ಬರತೈತಿ. ಇನ್ನೊಂದು ಎಂಟು ದಿನ ಹೋಗಲಿ" ಎಂದುಬಿಟ್ಟಳು.

ಎದ್ದು ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಅಜ್ಜಿಯ ಮುಖ ನೋಡಿ ಕುಳಿತಲ್ಲೇ ಕುಳಿತೆ. ಅವಳ ಮುಖ ಕಪ್ಪಿಟ್ಟಿತ್ತು. ಎಷ್ಟೋ ವರ್ಷಗಳಲ್ಲಿ ಅವಳ ಜೇನಿಗೆ ಯಾರೂ ಕೊರತೆ ಎತ್ತಿರಲಿಲ್ಲ. "ನನ್ನ ಜೇನು ಹಚ್ಚಿದ್ದು ಒಳಗ ಹಸಿ ಉಳದೈತೇನ?" ಎಂದಳು. ಕಾಶಿಂಬಿ ತಲೆ ತಗ್ಗಿಸಿ ಮಲಾರ ಎತ್ತಿಕೊಂಡು ಹೋದಳು.

ಅಲ್ಲಿಗೆ ನನ್ನ ಹಿತ್ತಲೂ ಹೋಯಿತು. ಅಜ್ಜಿ ಹಳೆಯ ಬರಣಿಯನ್ನು ಬದಿಗಿಟ್ಟು, ಮಸ್ಕಿಗೆ ಹೋಗುವ ಬಂಡಿಯವನ ಕೈಯಲ್ಲಿ ಹೇಳಿ ಕಳಿಸಿ ಹೊಸ ಜೇನು ತರಿಸಿದಳು. ದಿನಕ್ಕೊಮ್ಮೆ ಕಟ್ಟುತ್ತಿದ್ದವಳು ಬೆಳಗ್ಗೆ ಸಂಜೆ ಎರಡು ಸಲ ಕಟ್ಟತೊಡಗಿದಳು. ಮಧ್ಯಾಹ್ನ ಮಲಗುವಾಗ ನನ್ನ ಬಲಗೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡು ಮಲಗುತ್ತಿದ್ದಳು. ನಾನು ಹೊರಳಿದರೆ ಅವಳಿಗೆ ಎಚ್ಚರ. ಹಿತ್ತಲಿಗೆ ಹೊರಟರೆ ಹಿಂದೆಯೇ ಬರುತ್ತಿದ್ದಳು. ಕಾಶಿಂಬಿ ನನಗೆ ದೊರಕಿಸಿಕೊಟ್ಟ ಆ ಎಂಟು ದಿನವೇ ನನ್ನ ಕುತ್ತಿಗೆಗೆ ಬಂತು. ಅವಳು ಸುಮ್ಮನಿದ್ದಿದ್ದರೆ ಗಾಯ ತನ್ನ ಪಾಡಿಗೆ ಇನ್ನಷ್ಟು ದಿನ ಎಳೆಯುತ್ತಿತ್ತೋ ಏನೋ. ಈಗ ಅದರ ಮುಂದೆ ಒಬ್ಬ ಹಟದ ಮುದುಕಿ ಕಾವಲು ಕೂತಿದ್ದಳು.

ಆ ನಡುವೆ ಮುಂಗಾರಿನ ಮಿರಗದ ಮಳೆಯ ಮೋಡ ಕಟ್ಟಿತು, ಶಾಲೆ ತೆರೆಯಿತು. ನಮ್ಮ ಮನೆಗೆ ಶಾಲೆಯ ಗಂಟೆ ಕೇಳುತ್ತಿತ್ತು. ಬೆಳಗಿನ ಗಂಟೆ ಹೊಡೆದಾಗ ಅಜ್ಜಿ ಕಟ್ಟು ಬಿಚ್ಚುತ್ತಿದ್ದಳು. ಹುಡುಗಿಯರು ನಮ್ಮ ಮನೆಯ ಮುಂದೆಯೇ ಚಪ್ಪಲಿ ಸದ್ದು ಮಾಡುತ್ತ ಹೋಗುತ್ತಿದ್ದರು. ಒಬ್ಬಳು ನಿಂತು ಕಿಟಕಿಯ ಗೋಣಿ ಸರಿಸಿ, "ನೀಲಿ, ಟೀಚರಬಾಯಾರು ನಿನ್ನ ಕೇಳಿದ್ರು" ಎಂದು ಕೂಗಿ ಓಡಿದಳು. ನನಗೆ ತಡೆಯಲಾಗಲಿಲ್ಲ. ಜೇನು ಹಚ್ಚಲು ಬಂದ ಅಜ್ಜಿಯ ಕೈಯನ್ನು ಎಡಗೈಯಿಂದ ದೂಡಿದೆ.

"ಹಚ್ಚಬ್ಯಾಡ ಅಮ್ಮಾ. ಇದು ಮಾಯೋದು ಬ್ಯಾಡ ನನಗ."

ಅಜ್ಜಿ ಗದರುತ್ತಾಳೆ ಎಂದುಕೊಂಡೆ. ಅವಳು ಬರಣಿಯ ಮುಚ್ಚಳ ಹಾಕಿ, ಬೆರಳಿಗೆ ಅಂಟಿದ ಜೇನನ್ನು ಸೆರಗಿಗೆ ಒರೆಸಿಕೊಂಡಳು.

"ಗೊತ್ತೈತಿ" ಎಂದಳು. "ಬದನಿಕಾಯಿ ತೊಟ್ಟು ಹಿತ್ತಲದಾಗ ಬಿದ್ದಿದ್ದು ನಾ ನೋಡಿಲ್ಲಂತ ತಿಳದೀಯೇನ? ಕಾಶಿಂಬಿ ಸುಳ್ಳು ಹ್ಯಾಂಗ ಹೇಳ್ತಾಳನ್ನೋದೂ ಗೊತ್ತೈತಿ ನನಗ. ಕಣ್ಣು ನೋಡಲಾರದ ಮಾತಾಡ್ತಾಳ."

"ಗೊತ್ತಿದ್ದೂ ಯಾಕ ಹಚ್ಚಾಕತ್ತೀ ಮತ್ತ?"

"ಹಸಿ ಗಾಯ ಮುಂದಿಟಗೊಂಡು ಕೈಕಟಗೊಂಡು ಕೂಡಾಕ ನನ್ನ ಕೈಲೆ ಆಗಂಗಿಲ್ಲಬೇ. ಕಲಿತಿಲ್ಲ ಅದನ್ನ ನಾ." ಅವಳು ಬರಣಿಯನ್ನು ಮತ್ತೆ ಹತ್ತಿರ ಎಳೆದುಕೊಂಡಳು. "ಕೈ ಕೊಳತು ಹೋದ್ರ ಸಾಲಿಗೆ ಹೋಗಿ ಏನರ ಬರೀತೀ? ಈ ಕೈ ಹಿಡಿ ಇತ್ತ. ನಿಮ್ಮಪ್ಪಗ ನಾ ಹೇಳ್ತೀನಿ."

ನಾನು ಕೈ ಕೊಟ್ಟೆ. ಅಂದು ಮಧ್ಯಾಹ್ನ ಅಪ್ಪನಿಗೆ ಊಟಕ್ಕೆ ಬಡಿಸುತ್ತ ಅಜ್ಜಿ ಮಾತು ತೆಗೆದಳು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಒಂದು ವರ್ಷ ತಡೆದರೆ ಏನು ಗಂಟು ಹೋಗುತ್ತದೆ, ಹುಡುಗಿಗೆ ಓದುವ ಆಸೆ ಇದೆ, ಸಿಂಧನೂರಿನವರು ಒಳ್ಳೆಯವರಾದರೆ ಕಾಯುತ್ತಾರೆ ಎಂದಳು. ಅವಳು ಮಗನ ಮುಂದೆ ಅಷ್ಟು ದೀರ್ಘವಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಪ್ಪ ತುತ್ತು ಕೈಯಲ್ಲಿ ಹಿಡಿದೇ ಕೇಳಿದ.

"ಮಾತು ಕೊಟ್ಟಾಗೈತವ್ವ. ವೀಳ್ಯ ಹಿಡದ ಕೈ ಹಿಂದ ತಗದ್ರ ಅವರ ಮುಂದ ನಾ ಹೆಂಗ ತಲಿ ಎತ್ತಲಿ? ಇನ್ನ ಎರಡು ಹೆಣ್ಣು ಅದಾವ ಹಿಂದ. ಆಕಿಗೆ ಓದಬೇಕಂತಿದ್ರ ಅಲ್ಲಿ ಓದಿಸ್ತಾರ. ಅಲ್ಲೂ ಸಾಲಿ ಐತಲ್ಲ."

ಸೊಸೆಯನ್ನು ಶಾಲೆಗೆ ಕಳಿಸಿದವರು ಆ ಸೀಮೆಯಲ್ಲಿ ಯಾರಿದ್ದರು? ಅಪ್ಪನಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಅಜ್ಜಿ ಮಜ್ಜಿಗೆ ಬಡಿಸಿ ಒಳಗೆ ಬಂದಳು. ಬಾಗಿಲ ಹಿಂದೆ ನನ್ನನ್ನು ಕಂಡಳು, ಸಂಜೆಯ ಕಟ್ಟಿಗೆ ನೀರು ಕಾಯಲು ಇಟ್ಟಳು.

ಕಾರಹುಣ್ಣಿಮೆಗೆ ಕೆಲವೇ ದಿನ ಇದ್ದಾಗ ಕಾಶಿಂಬಿ ಮೂರನೆಯ ಸಲ ಬಂದಳು. ಅಷ್ಟು ಹೊತ್ತಿಗೆ ಕಡಲೆಕಾಳಿನಷ್ಟಿದ್ದ ಹಸಿಯೂ ಮುಚ್ಚಿತ್ತು. ಅವಳು ಕಟ್ಟು ಬಿಚ್ಚಿಸಿ, ಕೈಯನ್ನು ಬೆಳಕಿಂಡಿಯ ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹೇಳಲು ಅವಳಿಗೆ ಸುಳ್ಳೇ ಉಳಿದಿರಲಿಲ್ಲ. ಅಜ್ಜಿ ಎದುರಿಗೆ ಕುಳಿತಿದ್ದಳು. ಗೆದ್ದವಳ ಮುಖವಲ್ಲ ಅದು.

"ಆಗೈತ್ರಿ ಅಮ್ಮಾರ" ಎಂದಳು ಕಾಶಿಂಬಿ.

ಓಣಿಯ ಹೆಂಗಸರೆಲ್ಲ ಸೇರಿದರು. ಕಾಶಿಂಬಿ ನನ್ನ ಬೆರಳ ಬುಡ ಹಿಚುಕಿ, ಎಡಗೈಗೆ ಸರಿಯಾದ ಅಳತೆಯ ಬಳೆ ತೆಗೆದಳು, ಬಲಗೈಗೆ ಯಾರೂ ನೋಡದಂತೆ ಒಂದು ಅಳತೆ ದೊಡ್ಡದು ತೆಗೆದಳು. ಹೊಸ ಚರ್ಮಕ್ಕೆ ಉಜ್ಜದಿರಲಿ ಎಂದು. ಕಿವಿಯ ಹತ್ತಿರ ಬಾಗಿ, "ಮಾಫ್ ಮಾಡು ಬೇಟಿ. ನನ್ನ ಕೈಲಾಗಿದ್ದು ಇಷ್ಟ" ಎಂದಳು. ಬಳೆಗಳು ಒಂದೂ ಒಡೆಯದೆ, ಒಂದೂ ತಡೆಯದೆ, ಸಲೀಸಾಗಿ ಇಳಿದು ಮಣಿಕಟ್ಟಿನ ಮೇಲೆ ಕುಳಿತವು. ಹೆಂಗಸರು, ಹುಡುಗಿ ಪುಣ್ಯವಂತೆ ಎಂದರು. ಹೊರಗೆ ಮಳೆ ಶುರುವಾಗಿತ್ತು. ಶಾಲೆ ಬಿಟ್ಟ ಹುಡುಗಿಯರು ತಲೆಯ ಮೇಲೆ ಪಾಟಿ ಹಿಡಿದು ಕೇಕೆ ಹಾಕುತ್ತ ಓಡುವುದು ಬಾಗಿಲಿನಿಂದ ಕಂಡಿತು. ನಾನು ಅಲುಗಾಡಲಿಲ್ಲ. ಅಲುಗಾಡಿದರೆ ಬಳೆ ಸದ್ದು ಮಾಡುತ್ತಿದ್ದವು.

ಮದುವೆಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಎಲ್ಲರದ್ದೂ ಆದಂತೆ ಆಯಿತು. ನನ್ನನ್ನು ಕಳಿಸುವಾಗ ಅಜ್ಜಿ ಅರಿವೆಯಲ್ಲಿ ಸುತ್ತಿದ ಒಂದು ಬರಣಿಯನ್ನು ಮಡಿಲಲ್ಲಿ ಇಟ್ಟಳು. "ಅಲ್ಲಿ ಹಂಚು ದೊಡ್ಡದಂತ. ಬೇಕಾಗತೈತಿ" ಎಂದಳು. ಮೋಟಾರು ಮಸ್ಕಿ ದಾಟುವಾಗ ಮಳೆಯಲ್ಲಿ ನೆನೆದ ಗುಡ್ಡ ಕಂಡಿತು, ಬಂಡೆಯ ಕೆಳಗೆ ಕಪ್ಪಗೆ ಜೋತುಬಿದ್ದ ಹುಟ್ಟುಗಳೂ ಕಂಡವು. ಮುಂದೆ ಸಿಂಧನೂರಿನವರೆಗೆ ಬರೀ ಎರೆ ಕೆಸರು, ಅದರ ನಡುವೆ ಅಲ್ಲಲ್ಲಿ ಕಾಲುವೆಗೆ ಅಗೆದು ಹಾಕಿದ ಮಣ್ಣಿನ ದಿಬ್ಬಗಳು. ಬರಣಿ ಚೆಲ್ಲಬಾರದೆಂದು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಿದ್ದೆ. ದಾರಿಯುದ್ದಕ್ಕೂ ಬೇರೆ ಏನನ್ನೂ ಹಿಡಿಯಲಾಗಲಿಲ್ಲ.

ನಮ್ಮ ಯಜಮಾನರು ಕೆಟ್ಟವರಲ್ಲ. ಅತ್ತೆಯೂ ಅಷ್ಟೇ. ಮೊದಲ ತಿಂಗಳೇ ಅತ್ತೆಯ ಬೆರಳಿಗೆ ಕುದಿಯುವ ಎಣ್ಣೆ ಸಿಡಿದಾಗ ನಾನು ಬರಣಿ ತೆಗೆದೆ. ಅಲ್ಲಿಂದ ಸುದ್ದಿ ಓಣಿಗೆ ಹೋಯಿತು. ಕಾಲುವೆಯ ಕೆಲಸಕ್ಕೆ ಬಂದ ಹೆಂಗಸರು ಬುಟ್ಟಿ ಹೊತ್ತು, ಸಲಿಕೆ ಹಿಡಿದು ಬೊಬ್ಬೆ ಎದ್ದ ಅಂಗೈ ಚಾಚಿಕೊಂಡು ಹಿಂದಿನ ಬಾಗಿಲಿಗೆ ಬರತೊಡಗಿದರು. "ಲಿಂಗಸೂರು ಸೊಸಿ ಕಡೆ ಜೇನೈತಂತ" ಎನ್ನುತ್ತಿದ್ದರು. ನಾನೂ ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆದು, ಹಳೆಯ ಧೋತರದ ತುಂಡಿಗೆ ಸವರಿ ಕಟ್ಟಿದೆ. ಹಸಿ ಗಾಯ ನೋಡಿದರೆ ನನ್ನ ಕೈಯೂ ಸುಮ್ಮನಿರುವುದಿಲ್ಲ ಎಂದು ಆಗ ತಿಳಿಯಿತು. ಅಜ್ಜಿಯ ಮೇಲೆ ಇದ್ದ ಸಿಟ್ಟು ಅಲ್ಲಿಗೆ ಹೋಯಿತೆಂದು ಹೇಳಿದರೆ ಕೇಳಲು ಚೆಂದ. ಹೋಗಲಿಲ್ಲ. ಕಿಟಕಿಯ ಗೋಣಿ ಸರಿಸಿ ಕೂಗಿದ್ದ ಆ ಹುಡುಗಿ ಏಳನೆಯದು ಮುಗಿಸಿ, ತರಬೇತಿಗೆ ಹೋಗಿ, ಮುದಗಲ್ಲಿನ ಶಾಲೆಗೆ ಸೇರಿದಳೆಂದು ಕೇಳಿದ ದಿನ ನಾನು ಕೂಸಿಗೆ ಹಾಲೂಡಿಸುತ್ತಿದ್ದೆ. ಅವತ್ತಂತೂ ಆ ಬರಣಿಯನ್ನು ಎತ್ತಿ ಕಲ್ಲಿಗೆ ಅಪ್ಪಳಿಸಬೇಕೆನಿಸಿತ್ತು.

ಇಷ್ಟನ್ನೂ ಮೊಮ್ಮಗಳಿಗೆ ಮೊನ್ನೆ ಸಂಜೆ ಹೇಳಿದೆ. ಬದನೆಕಾಯಿಯ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲಾಮೇಲೆ ನಗಲಿಲ್ಲ. ಎದ್ದು ದೀಪ ಹಾಕಿ, ನನ್ನ ಬಲಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ, ಮಣಿಕಟ್ಟನ್ನು ಕಣ್ಣ ಹತ್ತಿರ ತಂದುಕೊಂಡು ಹುಡುಕಿದಳು. ತಿರುಗಿಸಿ ನೋಡಿದಳು. ಸುಕ್ಕಿನ ನಡುವೆ ಬೆರಳಾಡಿಸಿದಳು. ಎಡಗೈಯನ್ನೂ ತೆಗೆದುಕೊಂಡು ನೋಡಿದಳು.

"ಎಲ್ಲೈತಜ್ಜಿ? ಏನೂ ಇಲ್ಲಲ್ಲ. ಖರೇನ ಸುಟ್ಟಿತ್ತೇನ?"

ನಾನೂ ಅವಳ ಜೊತೆ ಬಾಗಿ ನೋಡಿದೆ. ಆ ವರ್ಷದ್ದೆಂದು ತೋರಿಸಲು ನನ್ನ ಮೈಮೇಲೆ ಒಂದು ಗೆರೆಯೂ ಇರಲಿಲ್ಲ.

"ಖರೇನ ಸುಟ್ಟಿತ್ತಬೇ" ಎಂದೆ. "ನಮ್ಮಮ್ಮ ಚೊಲೋ ಜೇನು ಹಚ್ಚಿದ್ಲು."